ತೊಟ್ಟಿಲ ಗಾಡಿ

ಲಕಮನಹಳ್ಳಿ, ಧಾರವಾಡ
೩ ಮೇ ೨೦೦೬

ಅಕ್ಕಾ,

ಆ ಗಾಡಿ ಇನ್ನೂ ಅಲ್ಲೇ ನಿಂತಿದೆ. ಯಾರೂ ಒಯ್ದಿಲ್ಲ. ಮೊನ್ನೆ ಫೋನಿನಲ್ಲಿ ಹೇಳಿದೆನಲ್ಲ, ಹುಬ್ಬಳ್ಳಿಯ ಶೋರೂಮಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಸ್ಕೂಟರು, ಪಕ್ಕಕ್ಕೊಂದು ತೊಟ್ಟಿಲು ಕಟ್ಟಿಕೊಂಡದ್ದು, ಅದೇ. ನೀನು "ಫೋನಿನ್ಯಾಗ ನಗಿಸಿ ಇಟ್ಟ ಬಿಡ್ತಿ, ನನಗೇನೂ ತಿಳಿಯೂದಿಲ್ಲ, ಕಾಗದ ಬರಿ" ಅಂದೆ. ಬರೆಯುತ್ತಿದ್ದೇನೆ. ಪತ್ರ ಅಂದರೆ ಪುಸ್ತಕದ ಭಾಷೆಯಲ್ಲೇ ಇರಬೇಕೆಂದು ಗುರುಗಳು ಬೆತ್ತ ಹಿಡಿದು ಕಲಿಸಿದ್ದು ಅದೊಂದು ತಲೆಯಲ್ಲಿ ಉಳಿದಿದೆ. ಉಳಿದ ವಿದ್ಯೆಯನ್ನೆಲ್ಲ ಐದನೆಯ ಇಯತ್ತೆಯ ಬಾಗಿಲಲ್ಲೇ ಚಪ್ಪಲಿಯ ಹಾಗೆ ಬಿಟ್ಟು ಬಂದೆ.

ಈಗ ಗಾಡಿಯ ಕಥೆ. ಕಂಪನಿಯವರು ಈ ನಮೂನೆಯ ಸ್ಕೂಟರು ಮಾಡುವುದನ್ನೇ ನಿಲ್ಲಿಸಿದ್ದಾರೆ. ಈಗ ಎಲ್ಲರಿಗೂ ಮೋಟಾರ್ ಸೈಕಲ್ಲೇ ಬೇಕು. ಹೋದ ವರ್ಷ ಶೋರೂಮಿನವರು ಮಂದಿಯನ್ನು ಸೆಳೆಯಲೆಂದು ಒಂದು ಸ್ಕೂಟರಿಗೆ ಸೈಡ್‌ಕಾರ್ ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದ್ದರಂತೆ. ಮಂದಿ ಬಂದರು, ಮಕ್ಕಳನ್ನು ಅದರಲ್ಲಿ ಕೂರಿಸಿ ಫೋಟೋ ತೆಗೆಸಿಕೊಂಡರು, ಮೋಟಾರ್ ಸೈಕಲ್ ತೆಗೆದುಕೊಂಡು ಹೋದರು. ಈಗ ಅದು ಉಳಿದ ಮಾಲು. ಮೊದಲು ಬಾಗಿಲಲ್ಲಿತ್ತು, ಆಮೇಲೆ ಕಂಬದ ಹಿಂದೆ, ಈಗ ಪಾಯಖಾನೆಯ ಪಕ್ಕ.

ಅಲ್ಲಿ ಕೆಲಸ ಮಾಡುವ ಅಬ್ದುಲಮಜೀದ ನಿನಗೆ ಗೊತ್ತಲ್ಲ, ಹೊಸ ಗಾಡಿಗಳನ್ನು ಸೀಟು ಕವರಿಗೆ ನನ್ನ ಅಂಗಡಿಗೆ ಕಳಿಸುವವನು. "ಮೈಲಾರಿ, ನೀ ಒಯ್ಯೋ ಮಾರಾಯಾ. ಇದನ್ನ ನೋಡಿದ್ರ ಮಾಲಕರಿಗೆ ತಲಿಶೂಲಿ ಏಳತೈತಿ" ಅಂದ.

"ಮಾಲಕರ ತಲಿಶೂಲಿಗೆ ನಾ ಯಾಕ ಗುಳಿಗಿ ನುಂಗಲಿ?" ಅಂದೆ. ಆದರೆ ಅಲ್ಲಿಂದ ಕಾಲು ಕೀಳಲಿಲ್ಲ. ಸುತ್ತ ಮೂರು ಸಲ ತಿರುಗಿದೆ. ತೊಟ್ಟಿಲು ಮೊಂಡುಮೂತಿಯದು, ಆದರೆ ಗಟ್ಟಿ. ಒಳಗೆ ಕಾಲು ಮಡಚಿ ಕೂತರೆ ಗೂಡಿನಲ್ಲಿ ಕೂತ ಪಾರಿವಾಳದ ಹಾಗೆ ಕುತ್ತಿಗೆ ಮಾತ್ರ ಹೊರಗೆ. ಕೂತು ನೋಡಿದೆ. ಅಬ್ದುಲಮಜೀದ ನನ್ನನ್ನು ನೋಡಿ ಅಲ್ಲೇ ಗೋಡೆ ಹಿಡಿದುಕೊಂಡ.

ಮನೆಗೆ ಬಂದು ಜಯಾಗೆ ಹೇಳಿದೆ. ನಿನ್ನ ಈ ನಾದಿನಿ ಏನೆಂದಳು ಗೊತ್ತೇ? "ಎರಡ ಗಾಲಿ ಇದ್ರ ಸ್ಕೂಟರು, ಮೂರ ಇದ್ರ ಆಟೋ. ಇದರ ಅವ್ವ ಯಾರು, ಅಪ್ಪ ಯಾರು ಕೇಳಿ ಬರ್ರಿ ಮದಲ."

ನಗುತ್ತಿರಬೇಕು ನೀನು. ಆದರೆ ಯಾಕೆ ಅದರ ಹಿಂದೆ ಬಿದ್ದೆನೆಂದರೆ, ನಿನಗಾಗಿ. ಅವ್ವ ಇರುವ ತನಕ ಪ್ರತಿ ವರ್ಷ ಪಂಚಮಿಗೆ ಉಂಡಿಯ ಡಬ್ಬಿ ಕೈಗೆ ಕೊಟ್ಟು, "ಹೋಗು, ಅಕ್ಕನ್ನ ಕರಕೊಂಡ ಬಾ" ಎಂದು ನನ್ನನ್ನು ಬಸ್ಸಿಗೆ ದಬ್ಬುತ್ತಿದ್ದಳು. ಅವಳು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬವೇ ಇರಲಿಲ್ಲ. ಮರುವರ್ಷ ನೀನು ಹಿತ್ತಲ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡೆ. ಪ್ಲಾಸ್ಟರು ಹಾಕಿದಾಗ ಬಂದಿದ್ದೆನಲ್ಲ, ಅದರ ಮೇಲೆ ಪೆನ್ನಿನಿಂದ ಮಾಮಾರ ಮೀಸೆ ಬರೆದು ಬಂದೆ. ಬರಲಾರದವಳನ್ನು ಕರೆದು ಯಾಕೆ ಹೊಟ್ಟೆ ಉರಿಸಬೇಕೆಂದು ಹೋದ ಪಂಚಮಿಗೆ ನಾನು ಮುನವಳ್ಳಿಯ ಕಡೆ ಮುಖ ಹಾಕಲಿಲ್ಲ.

ಈಗ ಕಾಲು ಕೂಡಿರಬೇಕು. ಆದರೂ ಬಸ್ಸಿನ ಮೆಟ್ಟಿಲು ನಿನಗೆ ಎತ್ತರ. ತೊಟ್ಟಿಲಾದರೆ ನೆಲಕ್ಕೆ ಹತ್ತಿರ. ನಿಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಬಸ್ಸಿನಲ್ಲಿ ನೂಕಾಡಿಕೊಂಡು ತವರಿಗೆ ಹೋಗುವಾಗ ನೀನು ಪಲ್ಲಕ್ಕಿಯಲ್ಲಿ ಕೂತ ಹಾಗೆ ಬರುತ್ತೀ.

ತೆಗೆದುಕೊಳ್ಳಲೇ, ಬೇಡವೇ? ನೀನು ಹೂಂ ಅಂದರೆ ಹೂಂ.

ನಿನ್ನ ತಮ್ಮ
ಮೈಲಾರಿ


ಮುನವಳ್ಳಿ
೧೫ ಮೇ ೨೦೦೬

ಮೈಲಾರಿ,

ನಿನ್ನ ಪತ್ರ ಓದಿ ನಮ್ಮ ಮನೆಯವರು, ನಿಮ್ಮ ಮಾಮಾ, ಎರಡು ಸಲ ನಕ್ಕರು. ಅಂಗಡಿಯಲ್ಲಿ ಬೆಲ್ಲ ತೂಗುವಾಗ ನೆನಪಾಗಿ ಮತ್ತೊಮ್ಮೆ ನಕ್ಕು, ತಕ್ಕಡಿ ಅಲುಗಾಡಿ, ಗಿರಾಕಿಯ ಹತ್ತಿರ ಬೈಸಿಕೊಂಡರಂತೆ. ಗುರುಶಿದ್ದಪ್ಪನವರು ನಕ್ಕರು ಎಂದು ಊರೆಲ್ಲ ಸುದ್ದಿ.

ನನಗೋಸ್ಕರ ಗಾಡಿ ತೆಗೆದುಕೊಳ್ಳುತ್ತೇನೆ ಎಂದು ಮಾತ್ರ ಅನ್ನಬೇಡ. ನಿನಗೆ ಬೇಕಾಗಿದ್ದರೆ ತೆಗೆದುಕೋ. ಚಿಕ್ಕವನಿದ್ದಾಗ ಗಾಣದ ಎತ್ತಿನ ಹಿಂದೆ ತಿರುಗಿದವನು ನೀನು, ಸುತ್ತುವುದು ಯಾವುದನ್ನು ಕಂಡರೂ ನಿನಗೆ ಬೇಕು.

ಕಾಲು ಆರಾಮವಿದೆ. ಮನೆಯೊಳಗೆ ಎಲ್ಲ ಕೆಲಸ ಮಾಡಿಕೊಳ್ಳುತ್ತೇನೆ.

ಹೋದ ಪಂಚಮಿಗೆ ಓಣಿಯ ಎಲ್ಲರ ಮನೆಗೂ ಅಣ್ಣತಮ್ಮಂದಿರು ಬಂದರು. ಎದುರುಮನೆಯ ಲಾಲಬಿ ನಿನಗೆ ಗೊತ್ತಲ್ಲ, ತನ್ನ ಕಟ್ಟೆಯ ಮೇಲೆ ಕೂತು ಯಾರ ಮನೆಗೆ ಯಾರು ಬಂದರು, ಎಷ್ಟು ದೊಡ್ಡ ಡಬ್ಬಿ ತಂದರು ಎಂದು ಅಲ್ಲಿಂದಲೇ ನನಗೆ ಕೂಗಿ ಹೇಳುತ್ತಿದ್ದಳು. ಸಂಜೆಗೆ, "ಕಾವೇರವ್ವಾ, ನಿಮ್ಮ ತಮ್ಮ ಬರಲಿಲ್ಲೇನ?" ಅಂದಳು. "ನಾನ ಬ್ಯಾಡ ಅಂದೇನಿ, ಕಾಲು ಹಿಂಗ ಐತಲ್ಲ" ಎಂದು ಹೇಳಿದೆ. ಅವಳು ಒಳಗೆ ಹೋಗಿ ಒಂದು ಬಟ್ಟಲು ಶ್ಯಾವಿಗೆಯ ಶೀರಖುರ್ಮಾ ಮಾಡಿ ತಂದು ಕೊಟ್ಟಳು. ಆ ದಿನ ಅವರಿಗೆ ಯಾವ ಹಬ್ಬವೂ ಇರಲಿಲ್ಲ.

ಜಯಾ ಹೇಗಿದ್ದಾಳೆ? ಅವಳು ಕೇಳಿದ್ದು ಸರಿಯಾಗಿದೆ, ಅದರ ಅವ್ವ ಅಪ್ಪನ ವಿಚಾರ ತಿಳಿದುಕೋ.

ಇನ್ನೊಂದು. ಅಂಗಡಿಯ ಬೋರ್ಡಿಗೆ ಹಸಿರು ಬಣ್ಣ ಯಾಕೆ ಹಚ್ಚಿಸಿದೆ? ಮೊದಲಿನ ಕೆಂಪೇ ಚಂದ ಇತ್ತು. ದೂರದಿಂದಲೂ ನಮ್ಮ ಮೈಲಾರಿಯ ಅಂಗಡಿ ಎಂದು ಗೊತ್ತಾಗುತ್ತಿತ್ತು.

ಅಕ್ಕ
ಕಾವೇರಿ


ಲಕಮನಹಳ್ಳಿ
೧೧ ಜೂನ್ ೨೦೦೬

ಅಕ್ಕಾ,

ನೀನು ಮುನವಳ್ಳಿಯಲ್ಲಿ ಕೂತು ನನ್ನ ಬೋರ್ಡಿನ ಬಣ್ಣ ಹೇಗೆ ನೋಡಿದೆ? ಮಾಮಾ ಬೆಲ್ಲ ಮಾರಿದ ರೊಕ್ಕದಲ್ಲಿ ದುರ್ಬೀನು ತಂದಿದ್ದಾರೋ ಏನು? ಜಯಾಳೇ ಫೋನಿನಲ್ಲಿ ಹೇಳಿರಬೇಕು. ಕೇಳಿದರೆ "ನಾ ಹೇಳಿಲ್ರಿ" ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಒಪ್ಪಿಕೊಳ್ಳುವ ಪದ್ಧತಿ ಮೊದಲಿನಿಂದಲೂ ಇಲ್ಲ. ಹಸಿರು ಯಾಕೆಂದರೆ ಪೇಂಟರಿನ ಹತ್ತಿರ ಕೆಂಪು ಮುಗಿದಿತ್ತು. ಅವನೂ ಉಳಿದ ಮಾಲನ್ನೇ ಹಚ್ಚಿದ.

ಗಾಡಿಯ ವಿಚಾರ ಮುಂದುವರಿದಿದೆ. ನಾನಿನ್ನೂ ಕೊಂಡಿಲ್ಲ, ಆದರೆ ಸೀಟು ಹೊಲಿದುಬಿಟ್ಟೆ! ಗಾಡಿಯ ಜತೆ ಬಂದಿದ್ದ ಸೀಟು ಹಲಗೆಯ ಹಾಗಿತ್ತು. ಅದನ್ನು ಬಿಚ್ಚಿಸಿಕೊಂಡು ಅಂಗಡಿಗೆ ತಂದೆ. ಕೆಳಗೆ ನಾರು, ಮೇಲೆ ಎರಡು ಪದರ ಸ್ಪಂಜು, ಅದರ ಮೇಲೆ ಬದನೆಕಾಯಿ ಬಣ್ಣದ ರೆಗ್ಜಿನು, ಅಂಚಿಗೆ ಬಿಳಿ ದಾರದ ಹೊಲಿಗೆ. ಬೆನ್ನಿಗೆ ಬೇರೆ ದಿಂಬು. ಮಂತ್ರಿಯ ಕಾರಿನಲ್ಲೂ ಇಂಥ ಸೀಟು ಇರಲಿಕ್ಕಿಲ್ಲ. ಇದ್ದರೆ ಅವರು ನಿದ್ದೆಯಿಂದ ಏಳುತ್ತಲೇ ಇರಲಿಲ್ಲ.

ಸೀಟು ಪರೀಕ್ಷೆ ಮಾಡಲು ಪಕ್ಕದ ವೆಲ್ಡಿಂಗ್ ಅಂಗಡಿಯ ಗಿರಿಯಪ್ಪನನ್ನು ಶೋರೂಮಿಗೆ ಕರೆದೊಯ್ದೆ. ಅವನ ಶರೀರ ಗೊತ್ತಲ್ಲ. ಇಳಿಯುವಾಗ ಸರಾಗ ಇಳಿದ, ಏಳುವಾಗ ಆಗಲಿಲ್ಲ. ಅಬ್ದುಲಮಜೀದ ಒಂದು ಕೈ, ನಾನೊಂದು ಕೈ ಹಿಡಿದು ಜಗ್ಗಿದೆವು. "ನನ್ನ ಬಿಡ್ರೋ, ಇಲ್ಲೇ ಇರ್ತೇನಿ, ಭಾಳ ಛಲೋ ಐತಿ" ಎಂದು ಅವನು ಒದರಿದ. ಮಾಲಕರು ಕ್ಯಾಬಿನ್ನಿನಿಂದ ಹಣಿಕಿ ನೋಡಿ ಬಾಗಿಲು ಹಾಕಿಕೊಂಡರು.

ಅಬ್ದುಲಮಜೀದ ಕಿವಿಯಲ್ಲಿ ಹೇಳಿದ್ದು ಇದು: ಆಷಾಢ ಬರಲಿ. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ, ಮಾಲಕರು ಸೊಳ್ಳೆ ಹೊಡೆಯುತ್ತ ಕೂತಿರುತ್ತಾರೆ, ಆಗ ಕೇಳಿದರೆ ಅರ್ಧಕ್ಕೆ ಬಂದರೂ ಬಂದರು. ಜಯಾ, "ಆಷಾಢದಾಗ ಹೊಸಾ ಗಾಡಿ ಬಾಗಲಿಗೆ ಬಂದ್ರ ನಾ ಆರತಿ ಎತ್ತಂಗಿಲ್ಲ ನೋಡ್ರಿ" ಅನ್ನುತ್ತಾಳೆ. ಹೀಗಾಗಿ ನಾನು ನಡುವೆ ಸಿಕ್ಕಿದ್ದೇನೆ. ಕೊಳ್ಳುವುದು ಆಷಾಢದಲ್ಲಿ, ತರುವುದು ಶ್ರಾವಣದಲ್ಲಿ ಆಗುವಂತೆ ಏನಾದರೂ ಹಂಚಿಕೆ ಹಾಕಬೇಕು.

ಅಲ್ಲಿಯವರೆಗೆ ಬೇರೆ ಯಾರಾದರೂ ಒಯ್ದರೆ? ಅದೊಂದು ಚಿಂತೆ. ಹೋದ ವಾರ ಒಬ್ಬರು ಮೇಷ್ಟ್ರು ಹೆಂಡತಿಯ ಜತೆ ಬಂದು ನೋಡಿ ಹೋದರಂತೆ. ಆಕೆ ತೊಟ್ಟಿಲಲ್ಲಿ ಕೂತು, ತಗ್ಗಿನಲ್ಲಿ ಕೂತು ಗಂಡನನ್ನು ತಲೆಯೆತ್ತಿ ನೋಡಬೇಕಾಗುತ್ತದೆಂದು ಬೇಡ ಅಂದರಂತೆ. ಅಂಥ ಹೆಣ್ಣುಮಗಳು ನೂರು ವರ್ಷ ಬಾಳಲಿ.

ನಿನ್ನ ತಮ್ಮ
ಮೈಲಾರಿ


ಮುನವಳ್ಳಿ
೨೫ ಜೂನ್ ೨೦೦೬

ಮೈಲಾರಿ,

ಗಿರಿಯಪ್ಪನ ಅಳತೆಯ ಸೀಟಿನಲ್ಲಿ ನಾನು ಕೂತರೆ ಹೊಲದಲ್ಲಿ ಬಿದ್ದ ಒಂದು ಶೇಂಗಾಕಾಳಿನ ಹಾಗೆ ಕಾಣಬಹುದು.

ಗಿರಾಕಿಯನ್ನು ಕೂರಿಸಿ ನೋಡದೆ ಸೀಟಿಗೆ ಕತ್ತರಿ ಹಾಕಬಾರದು ಎಂದು ನಿನ್ನ ಉಸ್ತಾದ ಶರೀಫಸಾಬರು ಹೇಳುತ್ತಿದ್ದರಂತಲ್ಲ. ಎಷ್ಟು ಸಲ ನೀನೇ ಅವರ ಹಾಗೆ ಗಡ್ಡ ಸವರಿಕೊಂಡು ಹೇಳಿ ತೋರಿಸಿದ್ದೀಯ. ಅವ್ವ ನಕ್ಕು ನಕ್ಕು ಒಲೆಯ ಮುಂದೆ ಕೂತುಬಿಡುತ್ತಿದ್ದಳು.

ಒಂದು ದಿನ ಬಂದು ಹೋಗು. ಬೆಳಿಗ್ಗೆಯ ಬಸ್ಸಿಗೆ ಬಂದರೆ ಊಟ ಮಾಡಿ ಸಂಜೆಗೆ ಹೋಗಬಹುದು. ಗಾಡಿ ಏನೂ ಬೇಕಾಗಿಲ್ಲ. ಬರಿಗೈಯಲ್ಲಿ ಬಂದರೂ ನಡೆಯುತ್ತದೆ.

ನಿಮ್ಮ ಮಾಮಾ ಹೊಸ ಬೆಲ್ಲ ತಂದಿದ್ದಾರೆ. ನಿನಗೆಂದು ಒಂದು ಪೆಂಟೆ ತೆಗೆದಿರಿಸಿದ್ದೇನೆ.

ಅಕ್ಕ
ಕಾವೇರಿ


ಲಕಮನಹಳ್ಳಿ
೧೬ ಜುಲೈ ೨೦೦೬

ಅಕ್ಕಾ,

ಗಾಡಿ ನಮ್ಮದಾಯಿತು! ಪೂರಾ ಅರ್ಧಕ್ಕೆ ಅಲ್ಲ, ಆದರೆ ಹೇಳಿಕೊಳ್ಳಲು ಅರ್ಧ ಎಂದೇ ಹೇಳುತ್ತೇನೆ. ಹೊರಗೆ ಆಷಾಢದ ಗಾಳಿ, ಜಿನುಗು ಮಳೆ, ಶೋರೂಮಿನಲ್ಲಿ ನಾನೊಬ್ಬನೇ. ಮಾಲಕರು ಚಹಾ ತರಿಸಿದರು. ಸೀಟು ಕವರಿನವನಿಗೆ ಮಾಲಕರು ಚಹಾ ಕುಡಿಸುವುದೆಂದರೆ ಸಣ್ಣ ಮಾತಲ್ಲ. "ಕಡೀ ಗಾಡಿ ಅದು, ಛಂದಂಗ ಇಟಗೋ" ಅಂದರು, ಮಗಳನ್ನು ಕೊಟ್ಟವರ ಹಾಗೆ.

ಹಂಚಿಕೆ ಹೀಗೆ. ರೊಕ್ಕ ಆಷಾಢದಲ್ಲಿ ಕೊಟ್ಟೆ. ಗಾಡಿ ಅಲ್ಲೇ ಇರುತ್ತದೆ. ನಾಗರ ಅಮವಾಸ್ಯೆ ಮುಗಿದ ಮರುದಿನ, ಶ್ರಾವಣದ ಮೊದಲನೆಯ ಬೆಳಗಿಗೆ, ಮನೆಯ ಬಾಗಿಲಿಗೆ ಬರುತ್ತದೆ. ಜಯಾ ಆರತಿ ಎತ್ತುತ್ತಾಳೆ. ಪಂಚಮಿಯ ಮುಂಚಿನ ರೊಟ್ಟಿ ಹಬ್ಬದ ದಿನ ನಾನು ನಿಮ್ಮ ಓಣಿಯಲ್ಲಿ!

ನೀನು ಒಂದು ದಿನ ಬಂದು ಹೋಗು ಎಂದು ಬರೆದಿದ್ದೆ. ಬರುವುದೇನು ದೊಡ್ಡದಲ್ಲ. ಆದರೆ ಈಗ ಬಸ್ಸಿನಲ್ಲಿ ಬಂದು ಕರೆದು, ಮತ್ತೆ ಗಾಡಿಯಲ್ಲಿ ಬಂದು ಒಯ್ದರೆ ಅದರ ಮಜಾ ಹೋಗುತ್ತದೆ. ಸಿನಿಮಾದ ಕೊನೆಯನ್ನು ಮೊದಲೇ ಹೇಳಿದ ಹಾಗೆ. ಕರೆಯುವುದೂ ಕರೆತರುವುದೂ ಒಂದೇ ಸಲ ಆಗಲಿ. ಲಾಲಬಿಗೆ ಕಟ್ಟೆಯ ಮೇಲೆ ಮುಂಚಿತವಾಗಿ ಜಾಗ ಹಿಡಿದು ಕೂರಲು ಹೇಳು. ಈ ವರ್ಷ ಅವಳು ಕೂಗಿ ಹೇಳಬೇಕಾದದ್ದು ನಮ್ಮ ಸುದ್ದಿ.

ಅಳತೆ ಯಾಕೆ ಬೇಕು ಹುಚ್ಚೀ? ನಿನ್ನ ಸೊಂಟದ ಮೇಲೆ ಬೆಳೆದವನು ನಾನು. ನಿನ್ನ ಅಳತೆ ನನಗೆ ಗೊತ್ತಿಲ್ಲವೇ?

ಜಯಾಳ ಅಣ್ಣ ಅವಳನ್ನು ಪಂಚಮಿಗೆ ಕರೆಯಲು ಆಗಲೇ ಬಂದಿದ್ದ. "ಈ ವರ್ಷ ನಮ್ಮ ಅಕ್ಕಾರು ಬರಾಕತ್ತಾರ, ನಾ ಬರಂಗಿಲ್ಲ" ಎಂದು ಅವನನ್ನು ಚಹಾ ಕುಡಿಸಿ ಕಳಿಸಿದಳು. ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ ಎಂದು ನನ್ನ ಕೈಯಲ್ಲಿ ಬೆಲ್ಲ ಕುಟ್ಟಿಸಲು ಶುರು ಮಾಡಿದ್ದಾಳೆ. ಅಂಗಳದ ಬೇವಿನ ಗಿಡಕ್ಕೆ ಜೋಕಾಲಿ ಹಗ್ಗವೂ ಬಂದಿದೆ.

ತಯಾರಾಗಿರು.

ನಿನ್ನ ತಮ್ಮ
ಮೈಲಾರಿ


ಮುನವಳ್ಳಿ
೨೧ ಜುಲೈ ೨೦೦೬

ಮೈಲಾರಿ,

ಬಾ.

ಉಂಡಿಯನ್ನು ಅವ್ವನ ಹಿತ್ತಾಳೆಯ ಡಬ್ಬಿಯಲ್ಲೇ ತಾ. ಬೇರೆಯದು ಬೇಡ.

ಅಕ್ಕ
ಕಾವೇರಿ


ಮುನವಳ್ಳಿ
೨೮ ಜುಲೈ ೨೦೦೬, ಸಂಜೆ

ಜಯಾ,

ಫೋನು ಮಾಡಬಹುದಿತ್ತು. ಮಾಮಾರ ಫೋನು ಎದುರಿಗೇ ಇದೆ. ಆದರೆ ನೀನು "ಎಲ್ಲಿದ್ದೀರ್ರಿ, ಹೊಂಟೀರೇನ್ರಿ?" ಎಂದು ಕೇಳುತ್ತೀ, ನಾನೊಂದು ನಗೆಮಾತು ಹೇಳಿ ಇಟ್ಟುಬಿಡುತ್ತೇನೆ. ಅಕ್ಕ ಹೇಳಿದ್ದು ಖರೆ. ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ವಸ್ತಿ ಇರುವ ಧಾರವಾಡ ಬಸ್ಸಿನ ಕಂಡಕ್ಟರ್ ಗುಡ್ಡಪ್ಪ ಬೆಳಿಗ್ಗೆ ಇದನ್ನು ನಿನ್ನ ಕೈಗೆ ಮುಟ್ಟಿಸುತ್ತಾನೆ. ಈ ರಾತ್ರಿ ನಮ್ಮ ದಾರಿ ನೋಡಬೇಡ ಎಂದು ಹೇಳಲು ಮಾಮಾ ಆಗಲೇ ಫೋನು ಮಾಡಿದ್ದಾರೆ. ಯಾಕೆ ಎಂಬುದು ಅವರ ಬಾಯಿಗೂ ಬಂದಿರಲಿಕ್ಕಿಲ್ಲ.

ಗಾಡಿ ಛಲೋ ಓಡಿತು. ಸವದತ್ತಿಯ ಏರಿನಲ್ಲಿ ಸ್ವಲ್ಪ ಕೆಮ್ಮಿತು, ಅಷ್ಟೇ. ಉಂಡಿಯ ಡಬ್ಬಿಯನ್ನು ತೊಟ್ಟಿಲಲ್ಲಿ ಕೂರಿಸಿದ್ದೆ. ದಾರಿಯಲ್ಲಿ ಒಬ್ಬ ಕುರಿಗಾರ ಕೈ ಮಾಡಿ ನಿಲ್ಲಿಸಿ, "ಡಬ್ಬಿಗೂ ಒಂದು ತೊಟ್ಟಿಲೇನೋ ಯಣ್ಣಾ?" ಅಂದ. "ಮುಂದ ರಾಣಿ ಕೂಡತಾಳ" ಅಂದೆ.

ಓಣಿಗೆ ತಿರುಗುವಾಗ ಹಾರ್ನ್ ಒತ್ತಿ ಹಿಡಿದೆ. ಲಾಲಬಿ ಖರೇನೇ ಕಟ್ಟೆಯ ಮೇಲೆ ಇದ್ದಳು. "ಬಂದ್ರು ಬಂದ್ರು, ಕಾವೇರವ್ವನ ತಮ್ಮ ಇಮಾನ ತಗೊಂಡ ಬಂದ್ರು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ಹೆಣ್ಣುಮಕ್ಕಳು ರೊಟ್ಟಿಯ ತಾಟು ಹಿಡಿದುಕೊಂಡೇ ಹೊರಗೆ ಬಂದರು. ನಾನು ಇಳಿದು, ಟವೆಲ್ಲಿನಿಂದ ಸೀಟು ಒರೆಸಿ, ಸೊಂಟ ಬಗ್ಗಿಸಿ, "ಏಳ್ರಿ ಮಹಾರಾಣಿಯವರ, ರಥಾ ಬಂದೈತಿ" ಅಂದೆ.

ಅಕ್ಕ ಒಳಗಿನಿಂದ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ಅವ್ವ ಕೊಡಿಸಿದ್ದು. ತಲೆಗೆ ಹೂವು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕೋಲು. ಬಲಗಾಲು ಒನಕೆಯ ಹಾಗೆ ನೆಟ್ಟಗೆ. ಅದನ್ನು ಪಕ್ಕದಿಂದ ಸುತ್ತು ಹಾಕಿ ಹೊಸ್ತಿಲು ದಾಟಿಸಿದಳು. ಮೊಣಕಾಲು ಮಡಚಲೇ ಇಲ್ಲ.

ನಾನು ಬಗ್ಗಿದವನು ಬಗ್ಗಿಯೇ ನಿಂತಿದ್ದೆ.

ಅವಳು ಗಾಡಿಯ ಹತ್ತಿರ ಬಂದು ತೊಟ್ಟಿಲಿನ ಒಳಗೆ ನೋಡಿದಳು. ಆಮೇಲೆ ಸೀಟಿನ ಮೇಲೆ ಕೈಯಾಡಿಸಿ, "ಹೊಲಿಗಿ ಭಾಳ ಛಂದ ಹಾಕೀಯೋ ತಮ್ಮಾ" ಅಂದಳು.

ಪ್ರಯತ್ನ ಮಾಡಲಿಲ್ಲ ಅಂತಲ್ಲ. ಅವಳೇ "ನೋಡೂಣು ತಡಿ" ಅಂದಳು. ನಾನೂ ಮಾಮಾ ಕೂಡಿ ಎರಡೂ ಬದಿ ಹಿಡಿದು ಎತ್ತಿ ಇಳಿಸಿದೆವು. ಎಡಗಾಲು ಒಳಗೆ ಹೋಯಿತು. ಬಲಗಾಲು ಮೂತಿಯ ತಗಡಿಗೆ ತಾಗಿ ನಿಂತಿತು. ಸೀಟು ತೆಗೆದರೆ ಜಾಗ ಆಗಬಹುದೆಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಬದನೆಕಾಯಿ ಬಣ್ಣದ ಸೀಟನ್ನು ನಾನೇ ಬಿಚ್ಚಿದೆ. ಆಗಲಿಲ್ಲ. ಅಡ್ಡ ಕೂರಿಸಿ ಕಾಲು ಹೊರಗೆ ಚಾಚಿಸಿದರೆ ಎದುರಿನ ಲಾರಿಗೆ ಹೋಗಿ ತಾಗುತ್ತದೆ. ಮೊದಲು ಓಣಿಯವರೆಲ್ಲ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ಆಮೇಲೆ ಒಬ್ಬೊಬ್ಬರೇ ರೊಟ್ಟಿ ತಾಟು ಮುಚ್ಚಿಕೊಂಡು ಒಳಗೆ ಹೋದರು. ಲಾಲಬಿ ಮಾತ್ರ ಹೋಗಲಿಲ್ಲ. "ಹಂಗಾರ ನಾ ಕುಂತ ನೋಡ್ತೇನಿ ತಡೀರಿ, ಅಷ್ಟ ದೂರದಿಂದ ಬಂದೈತಿ, ಖಾಲಿ ಯಾಕ ಹೋಗಬೇಕು" ಎಂದು ಬಂದು ಹತ್ತಿ ಕೂತಳು. ಯಾರಿಗೂ ನಗು ಬರಲಿಲ್ಲ. ಅವಳೇ ಇಳಿದು ನನ್ನ ಬೆನ್ನು ತಟ್ಟಿ ಹೋದಳು.

ಕಟ್ಟೆಯ ಮೇಲೆ ಕೂತೆವು. ಮಾಮಾ ಮಾತಾಡುವವರಲ್ಲ ಎಂದು ನಿನಗೆ ಗೊತ್ತು. ಅವರೇ ಶುರು ಮಾಡಿದರು.

"ಪ್ಲಾಸ್ಟರ್ ಬಿಚ್ಚಿದಾಗಿಂದ ಹಂಗ ಐತಿ ಮೈಲಾರಿ. ಮಡಚಾಕ ಬರಂಗಿಲ್ಲ ಅಂದ್ರು."

"ಯಾರಂದ್ರು ಮಾಮಾ?"

"ಸತ್ತೂರ ದವಾಖಾನ್ಯಾಗ. ಮೂರ ಸಲ ಹೋಗಿ ಬಂದ್ವಿ."

ಸತ್ತೂರ. ನಮ್ಮ ಅಂಗಡಿಯಿಂದ ಸೈಕಲ್ ತುಳಿದರೆ ಬೆವರು ಬರುವ ಮೊದಲೇ ಸತ್ತೂರು ಬರುತ್ತದೆ.

"ಹೆಂಗ ಹೋದ್ರಿ?" ಅಂದೆ.

"ಬಸ್ಸಿನ್ಯಾಗ. ಕಂಡಕ್ಟರ್ ಕೈ ಹಿಡದ ಹತ್ತಸತಾನು. ಡ್ರೈವರನ ಹಿಂದ ಉದ್ದನ ಸೀಟ ಇರತೈತಲ್ಲ, ಅಲ್ಲಿ ಕಾಲು ಚಾಚಿ ಕುಂದರತಾಳ. ತ್ರಾಸೇನಿಲ್ಲ."

ಆಗ ಬೋರ್ಡು ನೆನಪಾಯಿತು. ಹಸಿರು ಬಣ್ಣ. ನೀನು "ನಾ ಹೇಳಿಲ್ರಿ" ಅಂದಿದ್ದೆ. ನೀನು ಖರೇನೇ ಹೇಳಿರಲಿಲ್ಲ ಜಯಾ. ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಹೋಗುವಾಗ ನೋಡಿದ್ದಳು, ಬರುವಾಗ ನೋಡಿದ್ದಳು. ಅದರ ಕೆಳಗೆ ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಯಾರದೋ ಸೀಟು ಹೊಲಿಯುತ್ತ, ಯಾರನ್ನೋ ನಗಿಸುತ್ತ ಕೂತಿದ್ದಿರಬೇಕು.

"ಇಳೀಬಾರದೇನಕ್ಕಾ?" ಅಂದೆ. "ಬಸ್ಸು ಅಲ್ಲೇ ನಿಂದರತೈತಿ. ಬಾಗಲದಾಗ ನಿಂದರತೈತಿ."

ಅಕ್ಕ ಕೋಲಿನ ಹಿಡಿಯನ್ನು ಸವರಿಕೊಂಡಳು. "ಹೆಂಗ ಇಳೀಲೋ? ಪಂಚಮಿಗೆ ಕರದಿರಲಿಲ್ಲ ನೀ. ಹಬ್ಬಕ್ಕ ಕರೀದ ಮನಿಗಿ ದವಾಖಾನಿ ದಾರಿ ಹಿಡಕೊಂಡ ಹೋದ್ರ, ಜಯಾ ಏನೂ ಅನ್ನಂಗಿಲ್ಲ, ನೀನೂ ಏನೂ ಅನ್ನಂಗಿಲ್ಲ. ನನಗ ಅನಸತೈತಲ್ಲ."

"ನಿನಗ ಬರಾಕ ಆಗಂಗಿಲ್ಲಂತ ನಾ…"

"ಬರಾಕ ಆಗಲಿಕ್ರ ಕರೀಬಾರದು ಅಂತ ಯಾರ ಹೇಳಿದ್ರ ನಿನಗ? ನೀ ಬಂದು, ಈ ಕಟ್ಟಿ ಮ್ಯಾಲ ಕುಂತು, ಒಂದು ಕಪ್ ಚಹಾ ಕುಡದು, ಬಾ ಅಕ್ಕಾ ಅಂದಿದ್ರ, ನಾ ಕಾಲು ತೋರಿಸಿ ಬರಾಕಾಗಂಗಿಲ್ಲೋ ಅಂತಿದ್ದೆ. ಆತಲ್ಲ. ನೀ ಹೊಳ್ಳಿ ಹೋಗತಿದ್ದಿ. ನಾ ಮಂದಿಗೆ ಹೇಳತಿದ್ದೆ, ನಮ್ಮ ತಮ್ಮ ಕರ್ಯಾಕ ಬಂದಿದ್ದ ಅಂತ."

ಉಸ್ತಾದರು ಇದ್ದಿದ್ದರೆ ಕತ್ತರಿಯ ಹಿಂಬದಿಯಿಂದ ಬೆರಳ ಗೆಣ್ಣಿಗೆ ಒಂದು ಕೊಡುತ್ತಿದ್ದರು. ಊರವರ ಕುಂಡಿಯನ್ನೆಲ್ಲ ಅಳತೆ ಮಾಡಿ ಹೊಟ್ಟೆ ಹೊರೆಯುವವನು, ಸ್ವಂತ ಅಕ್ಕನ ಕಾಲು ನೋಡಲಿಲ್ಲ. ಮೂರು ತಿಂಗಳು ಆ ಗಾಡಿಯನ್ನು ನೋಡಲು ಎಷ್ಟು ಸಲ ಹುಬ್ಬಳ್ಳಿಗೆ ಹೋದೆನೋ ನಿನಗೇ ಗೊತ್ತು. ಹೋಗುವಾಗೆಲ್ಲ ಸತ್ತೂರಿನ ಮುಂದೆಯೇ ಹೋದೆ.

"ನಾಳೆ ಮುಂಜಾನೆ ಬಸ್ಸಿಗೆ ಹೋಗೂಣು ನಡಿ. ಗಾಡಿ ಇಲ್ಲೇ ಇರಲಿ, ಕೋಳಿ ಕುಂದ್ರಲಿ ಅದರಾಗ. ಜಯಾ ತವರಿಗೆ ಹೋಗದ ನಿನ್ನ ಸಲುವಾಗಿ ಕುಂತಾಳ" ಅಂದೆ.

ಅವಳು ತಲೆ ಅಲ್ಲಾಡಿಸಿದಳು. ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿನವರನ್ನು ನಗಿಸುವ ವಿದ್ಯೆ ನನಗೆ ಗೊತ್ತಿದೆ. "ಈ ವರ್ಷ ಬ್ಯಾಡೋ" ಅಂದಳು. "ಇವತ್ತ ಓಣ್ಯಾಗ ಎಲ್ಲಾರ ಮುಂದ ಎತ್ತಿ ಇಳಿಸಿದ್ರಿ. ನಾಳಿ ಮತ್ತ ಅವರ ಮುಂದ ಕೋಲು ಹಿಡಕೊಂಡು ಬಸ್‌ಸ್ಟ್ಯಾಂಡಿಗೆ ನಡಕೋತ ಹೋಗಾಕ ನನಗ ಮನಸಿಲ್ಲ. ನೀ ಇವತ್ತ ಇಲ್ಲೇ ಇರು. ಮುಂದಿನ ವರ್ಷ ಬಸ್ಸಿನ್ಯಾಗ ಬಾ, ಬರತೇನಿ."

ಮುಂದಿನ ವರ್ಷ ಬರುತ್ತಾಳೆಯೇ ಎಂದು ಮಾಮಾರ ಮುಖ ನೋಡಿದೆ. ಅವರು ಬೀದಿಯನ್ನು ನೋಡುತ್ತಿದ್ದರು.

ಆಮೇಲೆ ಅವಳು ಅವ್ವನ ಡಬ್ಬಿ ತೆಗೆದಳು. ಮುಚ್ಚಳ ಬಿಗಿಯಾಗಿತ್ತು, ನಾನು ತೆಗೆದುಕೊಡಲು ಹೋದರೆ ಕೈ ಸರಿಸಿದಳು. ತೊಡೆಯ ಮೇಲಿಟ್ಟು, ಅವ್ವ ಮಾಡುತ್ತಿದ್ದ ಹಾಗೆ, ಅಂಗೈಯಿಂದ ಸುತ್ತಲೂ ಬಡಿದು ತೆಗೆದಳು. ನಿನ್ನ ಎಳ್ಳುಂಡಿ ಮುರಿದು ಬಾಯಿಗೆ ಹಾಕಿಕೊಂಡು, "ಅವ್ವನಕಿಂತ ಛಲೋ ಆಗ್ಯಾವು. ಜಯಾಗ ಹೇಳು" ಅಂದಳು. ಹೇಳಿದ್ದೇನೆ. ಅವಳು ಬಾರದಿದ್ದರೂ ನೀನು ಜೋಕಾಲಿ ಬಿಚ್ಚಬೇಡ, ನೀನೇ ಆಡು. ನಾಳೆ ನಿನ್ನ ಅಣ್ಣನಿಗೆ ಫೋನು ಮಾಡಿ ಬರಲು ಹೇಳು, ಹೋಗು. ನನ್ನ ಮಾತು ಕೇಳಿ ನಿನ್ನ ಹಬ್ಬವೂ ಹೋಯಿತು.

ಈಗ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗಾಡಿ ಬಾಗಿಲಲ್ಲಿ ನಿಂತಿದೆ. ಬಿಚ್ಚಿದ ಸೀಟನ್ನು ಅಕ್ಕ ಒಳಗೆ ತರಿಸಿ ಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತು ರೊಟ್ಟಿ ಜೋಡಿಸಿದಳು. ಒಲೆಯ ಮುಂದೆ ಕೂರಲು ಅದು ಬರೋಬ್ಬರಿ ಇದೆಯಂತೆ. ಬಿಳಿ ದಾರದ ಹೊಲಿಗೆಗೆ ಈಗಲೇ ಹಿಟ್ಟು ಹತ್ತಿದೆ. ಅದನ್ನು ಇಲ್ಲೇ ಬಿಟ್ಟು ಬರುತ್ತೇನೆ. ಗಾಡಿಗೆ ಹಳೆಯ ಹಲಗೆಯ ಸೀಟೇ ಸಾಕು, ಇನ್ನು ಅದರಲ್ಲಿ ಕೂರುವವರು…

"ಮೈಲಾರಿ! ಏನ ಬರಿಯಾಕತ್ತೀಯೋ ಅಷ್ಟೊತ್ತಿಂದ? ಗಂಗಾಳ ಹಚ್ಚೇನಿ, ರೊಟ್ಟಿ ಆರತಾವು. ಬಾ."

ಅಕ್ಕ ಕರೆಯುತ್ತಿದ್ದಾಳೆ. ಎರಡನೆಯ ಸಲ ಕರೆಸಿಕೊಳ್ಳಬಾರದು. ಹೋದೆ.

ಮೈಲಾರಿ